ಹೊಸ ಸೈಕಲಿನಲ್ಲಿ ಟಿಕ್ ಟಿಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ತಿಂಗಳಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ನಮ್ಮ ಕಾಸರಗೋಡು ಕಡೆ ಹೊಸ ಸೈಕಲುಗಳು ಜಾಸ್ತಿ ಮನೆಗೆ ಬರುತ್ತವೆ. ಸ್ವಲ್ಪ ದಿನಕ್ಕೆ ಪ್ರಶ್ನೆಗಳೂ ಬರುತ್ತವೆ. ದಾರಿಯಲ್ಲಿ ನಿಲ್ಲಿಸಿ ಕೇಳಿದ್ದು, ಪತ್ರದಲ್ಲಿ ಬರೆದದ್ದು, ಫೋನಿಗೆ ಕಳಿಸಿದ್ದು ಎಲ್ಲ ಸೇರಿಸಿ ಇಲ್ಲಿಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭದ್ದು ಮೊದಲು, ಕೈಗೆ ಗ್ರೀಸ್ ಮೆತ್ತಿಕೊಳ್ಳುವಂಥದ್ದು ಆಮೇಲೆ.

## ಶುರುವಿನಲ್ಲಿ ಕೇಳುವವು

ಸೈಕಲ್ ತಂದು ಒಂದು ವಾರ ಆಗ್ಲಿಲ್ಲ, ಆಗಲೇ ಟಿಕ್ ಟಿಕ್. ನಾನು ಮೋಸ ಹೋದೆನಾ?

ಹೆಚ್ಚಿನಂಶ ಇಲ್ಲ. ಸೈಕಲ್ ಕಾರ್ಖಾನೆಯಿಂದ ಪೂರ್ತಿ ಜೋಡಣೆಯಾಗಿ ಬರುವುದಿಲ್ಲ. ರಟ್ಟಿನ ಪೆಟ್ಟಿಗೆಯಲ್ಲಿ ಅರ್ಧಂಬರ್ಧ ಜೋಡಿಸಿದ್ದು ಬರುತ್ತದೆ. ಪೆಡಲ್, ಹ್ಯಾಂಡಲ್, ಸೀಟ್, ಮುಂದಿನ ಚಕ್ರ, ಮಡ್‌ಗಾರ್ಡ್, ಸ್ಟ್ಯಾಂಡ್ ಇವನ್ನೆಲ್ಲ ಹಾಕುವುದು ಅಂಗಡಿಯ ಹುಡುಗ. ಸೀಸನ್ನಿನಲ್ಲಿ ಅವನ ಎದುರು ಪೆಟ್ಟಿಗೆಗಳ ರಾಶಿಯೇ ಇರುತ್ತದೆ. ಒಂದು ಕಡೆ ಗ್ರೀಸ್ ಬಿಟ್ಟುಹೋಗುತ್ತದೆ, ಇನ್ನೊಂದು ಕಡೆ ನಟ್ಟು ಅರ್ಧ ಸುತ್ತು ಕಮ್ಮಿಯಾಗುತ್ತದೆ. ಹಾಗಾಗಿ ಹೊಸ ಸೈಕಲಿನಲ್ಲಿ ಶಬ್ದ ಬಂದರೆ ಮೊದಲ ಸಂಶಯ ಅಂಗಡಿಯಲ್ಲಿ ಹಾಕಿದ ಭಾಗಗಳ ಮೇಲೆ ಇರಲಿ. ಕಾರ್ಖಾನೆ ಹಾಕಿದ್ದನ್ನು ಆಮೇಲೆ ನೋಡೋಣ.

ಸೀತಾಂಗೋಳಿಯಿಂದ ಕುಂಬಳೆಗೆ ಇಳಿಯುವಾಗ ಪೆಡಲ್ ತುಳಿಯದಿದ್ದರೆ ಹಿಂದಿನಿಂದ ಕಟಕಟ ಕಟಕಟ ಅಂತದೆ. ಇದೂ ತೊಂದರೆಯಾ?

ಅಲ್ಲ. ಅದು ಫ್ರೀವೀಲ್, ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಹಲ್ಲುಗಳ ಭಾಗ. ಅದರ ಒಳಗೆ ಸ್ಪ್ರಿಂಗ್ ಮೇಲೆ ಕೂತ ಸಣ್ಣ ನಾಲಗೆಗಳು ಇರುತ್ತವೆ. ನೀವು ತುಳಿದಾಗ ಅವು ಹಲ್ಲಿಗೆ ಸಿಕ್ಕಿ ಚಕ್ರವನ್ನು ತಿರುಗಿಸುತ್ತವೆ. ತುಳಿಯುವುದು ನಿಲ್ಲಿಸಿದರೆ ಹಲ್ಲಿನ ಮೇಲಿಂದ ಜಾರುತ್ತಾ ಕಟಕಟ ಅನ್ನುತ್ತವೆ. ಕೆಲವು ಸೈಕಲಿನಲ್ಲಿ ಮೆತ್ತಗೆ, ಕೆಲವದರಲ್ಲಿ ಜೋರು. ತುಳಿಯಲು ಶುರು ಮಾಡಿದ ಕೂಡಲೇ ಈ ಶಬ್ದ ನಿಂತರೆ ಎಲ್ಲ ಸರಿ ಇದೆ ಎಂದೇ ಅರ್ಥ. ತುಳಿಯುವಾಗಲೇ ಟಕ್ ಎಂದು ಪೆಡಲ್ ಖಾಲಿ ಹಾರಿದರೆ ಮಾತ್ರ ಅಂಗಡಿಗೆ ಒಯ್ಯಿರಿ. ನಾಲಗೆ ಹಲ್ಲನ್ನು ಸರಿಯಾಗಿ ಹಿಡಿಯುತ್ತಿಲ್ಲ, ಅಥವಾ ಚೈನ್ ಹಲ್ಲು ಬಿಟ್ಟು ಹಾರುತ್ತಿದೆ.

ಯಾವ ಶಬ್ದ ಬಂದ್ರೆ ಓಡಿಸುವುದು ನಿಲ್ಲಿಸ್ಬೇಕು?

ಶಬ್ದದ ಜೊತೆಗೆ ಏನಾದರೂ ಅಲುಗಾಡುತ್ತಿದ್ದರೆ ನಿಲ್ಲಿಸಿ. ಹ್ಯಾಂಡಲ್ ಸಡಿಲ, ಮುಂದಿನ ಚಕ್ರ ಆಚೀಚೆ ಅಲುಗುವುದು, ಪೆಡಲ್ ಓರೆಯಾದಂತೆ ಅನಿಸುವುದು, ಕ್ರ್ಯಾಂಕ್ (ಪೆಡಲ್ ಸಿಕ್ಕಿಸಿದ ತೋಳು) ಕೈಯಲ್ಲಿ ಅಲ್ಲಾಡುವುದು ಇವಕ್ಕೆ ‘ನಾಳೆ ನೋಡೋಣ’ ಎನ್ನಬಾರದು. ಕ್ರ್ಯಾಂಕ್ ವಿಷಯದಲ್ಲಿ ದುಡ್ಡಿನ ಲೆಕ್ಕವೂ ಇದೆ. ಎರಡು ಕ್ರ್ಯಾಂಕುಗಳ ನಡುವಿನ ಅಚ್ಚು ಉಕ್ಕಿನದು, ಕ್ರ್ಯಾಂಕ್ ಹೆಚ್ಚಾಗಿ ಅಲ್ಯೂಮಿನಿಯಂ. ಸಡಿಲವಿದ್ದಾಗ ತುಳಿದರೆ ಉಕ್ಕಿನ ಚೌಕ ಮೂಲೆಗಳು ಅಲ್ಯೂಮಿನಿಯಂ ತೂತನ್ನು ಸವೆಸಿಬಿಡುತ್ತವೆ. ಒಮ್ಮೆ ಸವೆದರೆ ಎಷ್ಟು ಟೈಟ್ ಮಾಡಿದರೂ ನಿಲ್ಲುವುದಿಲ್ಲ, ಕ್ರ್ಯಾಂಕ್ ಬದಲಿಸಬೇಕು. ಅರ್ಧ ದಾರಿಯಲ್ಲಿ ಗೊತ್ತಾದರೆ ಇಳಿದು ದೂಡಿಕೊಂಡು ಹೋಗುವುದೇ ಲಾಭ.

ಹುಡುಕಲು ಏನೆಲ್ಲ ಸಾಮಾನು ಬೇಕು?

4, 5, 6 ಮಿ.ಮೀ. ಅಲೆನ್ ಕೀಗಳು, ಪೆಡಲಿಗೆ 15 ಮಿ.ಮೀ.ನ ತೆಳು ಸ್ಪಾನರ್, ಒಂದು ಸ್ಕ್ರೂಡ್ರೈವರ್, ಸಣ್ಣ ಡಬ್ಬಿ ಗ್ರೀಸ್, ಹಳೆ ಬನಿಯನ್ ಬಟ್ಟೆ. ಕ್ರ್ಯಾಂಕಿಗೆ ಸಾಮಾನ್ಯವಾಗಿ 8 ಮಿ.ಮೀ. ಅಲೆನ್ ಅಥವಾ 14 ಮಿ.ಮೀ. ಬಾಕ್ಸ್ ಸ್ಪಾನರ್. ಇಷ್ಟರಲ್ಲಿ ಹೆಚ್ಚಿನ ಶಬ್ದಗಳು ಸಿಗುತ್ತವೆ. ದುಬಾರಿ ಕಿಟ್ ಬೇಡ.

ನನ್ನ ಮಗನ ಸೈಕಲ್ ಅವನು ಓಡಿಸಿದ್ರೆ ಮಾತ್ರ ಶಬ್ದ ಮಾಡ್ತದೆ. ನಾನು ಓಡಿಸಿದ್ರೆ ಇಲ್ಲ. ಎಂತ ಕತೆ?

ಮೊದಲು ಮಗನನ್ನೇ ಪರೀಕ್ಷೆ ಮಾಡಿ! ಶೂ ಲೇಸಿನ ತುದಿಯ ಪ್ಲಾಸ್ಟಿಕ್ ಕ್ರ್ಯಾಂಕಿಗೆ ತಾಗಿದರೆ ಸುತ್ತಿಗೊಂದು ಟಿಕ್ ಬರುತ್ತದೆ, ಬೇರಿಂಗ್ ಹೋದಾಗ ಬರುವ ಹಾಗೇ. ಬ್ಯಾಗಿನ ಜಿಪ್, ಬುತ್ತಿಯೊಳಗಿನ ಚಮಚ, ಕಿಸೆಯ ಬೀಗದ ಕೈ, ಶೂ ಬದಿ ಕ್ರ್ಯಾಂಕಿಗೆ ಉಜ್ಜುವುದು ಎಲ್ಲ ನೋಡಿ. ಬ್ಯಾಗ್ ಇಳಿಸಿ, ಚಪ್ಪಲಿ ಹಾಕಿಸಿ, ಅಂಗಳದಲ್ಲಿ ಒಂದು ಸುತ್ತು ಹೊಡೆಸಿ. ಆಗಲೂ ಬಂದರೆ ಸೈಕಲಿಗೆ ಕೈ ಹಾಕಿ.

ಚಿಕ್ಕ ಮಗಳ ಸೈಕಲಿಗೆ ಬದಿ ಚಕ್ರ ಹಾಕಿಸಿದ ಮೇಲೆ ಕಟಕ್ ಕಟಕ್. ಯಾಕೆ?

ಬದಿ ಚಕ್ರದ ಪಟ್ಟಿ ಹಿಂದಿನ ಅಚ್ಚಿನ ನಟ್ಟಿನಲ್ಲೇ ಕೂರುತ್ತದೆ. ಮಗು ಆಚೀಚೆ ವಾಲಿದಂತೆಲ್ಲ ಅದು ಜಗ್ಗಿ ನಟ್ಟು ಸಡಿಲವಾಗುತ್ತದೆ. ಬಿಗಿ ಮಾಡಿ, ಆಗಾಗ ನೋಡುತ್ತಿರಿ. ಎರಡೂ ಬದಿ ಚಕ್ರಗಳು ಒಟ್ಟಿಗೇ ನೆಲಕ್ಕೆ ತಾಗಬಾರದು. ಸ್ವಲ್ಪ ಎತ್ತರದಲ್ಲೇ ಇರಬೇಕು.

## ಶಬ್ದ ಯಾವಾಗ ಬರುತ್ತದೆ?

ಎಲ್ಲಿಂದ ಬರ್ತದೆ ಅಂತಲೇ ಗೊತ್ತಾಗುವುದಿಲ್ಲ. ಒಮ್ಮೆ ಸೀಟಿನ ಅಡಿಯಿಂದ ಅನಿಸ್ತದೆ, ಒಮ್ಮೆ ಪೆಡಲಿನಿಂದ. ಹೇಗೆ ಹುಡುಕುವುದು?

ಕಿವಿಯನ್ನು ಪೂರ್ತಿ ನಂಬಬೇಡಿ. ಸೈಕಲಿನ ಚೌಕಟ್ಟು ಟೊಳ್ಳು ಕೊಳವೆಗಳದ್ದು. ಒಂದು ತುದಿಯಲ್ಲಿ ಟಿಕ್ ಅಂದದ್ದು ಇನ್ನೊಂದು ತುದಿಯಲ್ಲಿ ಕೇಳುತ್ತದೆ. ಅಲ್ಯೂಮಿನಿಯಂನ ದಪ್ಪ ಕೊಳವೆ ಇದ್ದರೆ ಇನ್ನೂ ಜೋರು. ಸೀಟಿನ ಶಬ್ದವನ್ನು ಪೆಡಲಿನದು ಅಂದುಕೊಂಡು ಕೆಳಗಿನ ಬೇರಿಂಗ್ ಸೆಟ್ಟನ್ನೇ ಬದಲಿಸಿ ದುಡ್ಡು ಕಳಕೊಂಡವರು ತುಂಬಾ ಜನ ಇದ್ದಾರೆ.

ಹಾಗಾಗಿ ‘ಎಲ್ಲಿಂದ’ ಅನ್ನುವುದನ್ನು ಬಿಟ್ಟು ‘ಯಾವಾಗ’ ಅಂತ ಕೇಳಿಕೊಳ್ಳಿ. ವಾಹನ ಇಲ್ಲದ ದಾರಿಯಲ್ಲಿ ನಾಲ್ಕು ಪರೀಕ್ಷೆ ಸಾಕು. ತುಳಿಯುವುದು ನಿಲ್ಲಿಸಿ ನೋಡಿ. ಸೀಟಿನಿಂದ ಎದ್ದು ನಿಂತು ತುಳಿಯಿರಿ. ಗೇರ್ ಇದ್ದರೆ, ಪೆಡಲಿನ ವೇಗ ಬದಲಿಸದೆ ಗೇರ್ ಮಾತ್ರ ಬದಲಿಸಿ. ಕೊನೆಗೆ ಒಂದೊಂದೇ ಕಾಲಿಗೆ ಜೋರು ಕೊಟ್ಟು ತುಳಿಯಿರಿ. ಯಾವುದರಲ್ಲಿ ಶಬ್ದ ನಿಂತಿತು, ಯಾವುದರಲ್ಲಿ ಬದಲಾಯಿತು ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಈ ಚೀಟಿ ಕೈಯಲ್ಲಿದ್ದರೆ ಅಂಗಡಿಯವರ ಮಾತಿನ ಧಾಟಿಯೇ ಬದಲಾಗುತ್ತದೆ, ಅದು ಬೇರೆ ವಿಷಯ.

ಪೆಡಲಿನ ಪ್ರತಿ ಸುತ್ತಿಗೂ ಸರಿಯಾಗಿ ಒಂದು ಟಕ್. ತುಳಿಯದಿದ್ರೆ ಇಲ್ಲ. ಅಂದ್ರೆ?

ತುಳಿತದ ಜೊತೆ ತಿರುಗುವ ಯಾವುದೋ ಒಂದರದ್ದು. ಪೆಡಲ್, ಕ್ರ್ಯಾಂಕ್, ಮುಂದಿನ ಹಲ್ಲು ಚಕ್ರ ಮತ್ತು ಅದರ ಬೋಲ್ಟು, ಎರಡು ಕ್ರ್ಯಾಂಕುಗಳ ನಡುವಿನ ಅಚ್ಚು-ಬೇರಿಂಗ್ ಸೆಟ್. ಈ ಕೊನೆಯದನ್ನು ಅಂಗಡಿಯವರು ಬಿಬಿ ಅನ್ನುತ್ತಾರೆ. ಬಲಗಾಲು ಕೆಳಗೆ ಹೋಗುವಾಗ ಮಾತ್ರ ಬಂದರೆ ಬಲ ಪೆಡಲಿನಿಂದ ಶುರು ಮಾಡಿ, ಎಡಕ್ಕಾದರೆ ಎಡದಿಂದ.

ಮುಂದೆಯೂ ಗೇರ್ ಇರುವ ಸೈಕಲ್ ಆದರೆ ಇನ್ನೊಂದು ಕಳ್ಳ ಉಂಟು. ಮುಂದಿನ ಗೇರಿನ ಕೇಬಲಿನ ತುದಿ ಉದ್ದ ಉಳಿದು ಹೊರಗೆ ಬಾಗಿದ್ದರೆ, ಕ್ರ್ಯಾಂಕ್ ಸುತ್ತು ಬಂದಾಗಲೆಲ್ಲ ಅದಕ್ಕೆ ಟಿಕ್ ಎಂದು ತಾಗುತ್ತದೆ. ಕ್ರ್ಯಾಂಕಿನ ಒಳ ಮುಖ ನೋಡಿ. ಕಪ್ಪು ಬಣ್ಣದ ಮೇಲೆ ಕೂದಲೆಳೆಯಷ್ಟು ಸಣ್ಣ, ಹೊಳೆಯುವ ಗೀರು ಕಂಡರೆ ಇದೇ. ತುದಿಯನ್ನು ಬೆರಳಲ್ಲಿ ಒಳಕ್ಕೆ ಬಗ್ಗಿಸಿದರೆ ಕೆಲಸ ಮುಗಿಯಿತು, ಖರ್ಚು ಸೊನ್ನೆ.

ನಂದು ಪ್ರತಿ ಸುತ್ತಿಗೆ ಅಲ್ಲ. ಎರಡೂವರೆ ಮೂರು ಸುತ್ತಿಗೊಮ್ಮೆ ಟಕ್ ಅಂತದೆ.

ಚೈನ್ ನೋಡಿ. ಮುಂದಿನ ಹಲ್ಲು ಚಕ್ರದಲ್ಲಿ 44 ಹಲ್ಲು, ಚೈನಿನಲ್ಲಿ 112 ಕೊಂಡಿ ಇದ್ದರೆ ಚೈನ್ ಒಂದು ಪೂರ್ತಿ ಸುತ್ತು ಬರಲು ಪೆಡಲ್ ಸುಮಾರು ಎರಡೂವರೆ ಸುತ್ತು ತಿರುಗಬೇಕು. ಅಷ್ಟಕ್ಕೊಮ್ಮೆ ಶಬ್ದ ಬಂದರೆ ಒಂದು ಕೊಂಡಿ ಬಿಗಿಯಾಗಿದೆ. ಹೊಸ ಚೈನ್ ಅಲ್ವಾ, ಬಿಗಿ ಹೇಗೆ ಅಂತೀರಾ? ಜೋಡಿಸುವಾಗ ಪಿನ್ ಸರಿಯಾಗಿ ಕೂರದಿದ್ದರೆ ಆಗುತ್ತದೆ. ಉಪ್ಪಳ, ಕುಂಬಳೆಯಂಥ ಕಡಲ ಬದಿಯ ಊರುಗಳ ಉಪ್ಪು ಗಾಳಿಯಲ್ಲಿ ತಿಂಗಳುಗಟ್ಟಲೆ ನಿಂತ ಸೈಕಲಿನಲ್ಲೂ ಆಗುತ್ತದೆ.

ಪೆಡಲನ್ನು ಕೈಯಲ್ಲಿ ನಿಧಾನ ಹಿಂದಕ್ಕೆ ತಿರುಗಿಸಿ, ಚೈನ್ ಹಿಂದಿನ ಹಲ್ಲು ಬಿಟ್ಟು ಬರುವ ಜಾಗವನ್ನೇ ನೋಡಿ. ಬಿಗಿ ಕೊಂಡಿ ನೇರವಾಗದೆ ಗೂನು ಬೆನ್ನು ಮಾಡಿಕೊಂಡು ಬರುತ್ತದೆ. ಅದರ ಎರಡೂ ಬದಿ ಹಿಡಿದು ಅಡ್ಡಕ್ಕೆ ಮೆಲ್ಲ ಆಚೀಚೆ ಬಗ್ಗಿಸಿ, ಒಂದು ಹನಿ ಎಣ್ಣೆ ಬಿಡಿ. ಹೆಚ್ಚಾಗಿ ಸಡಿಲವಾಗುತ್ತದೆ. ಪಿನ್ ಒಂದು ಬದಿಗೆ ಹೊರ ಬಂದಿದ್ದರೆ ಮಾತ್ರ ಅಂಗಡಿಗೆ ಒಯ್ಯಿರಿ.

ತುಳಿದ್ರೂ ಬರ್ತದೆ, ತುಳಿಯದಿದ್ರೂ ಬರ್ತದೆ. ವೇಗ ಜಾಸ್ತಿಯಾದಂತೆ ಬೇಗ ಬೇಗ.

ಹಾಗಾದರೆ ಚಕ್ರದ್ದು. 26 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು ಎರಡು ಮೀಟರ್ ಓಡುತ್ತದೆ, ಅಂದರೆ ಎರಡು ಮೀಟರಿಗೊಂದು ಟಿಕ್. ಒಂದೊಂದೇ ಚಕ್ರವನ್ನು ಎತ್ತಿ ತಿರುಗಿಸಿ, ಯಾವುದು ಎಂದು ಗೊತ್ತಾಗುತ್ತದೆ. ಟಯರಿಗೆ ಸಿಕ್ಕಿದ ಜಲ್ಲಿ ಚೂರು, ಕಡ್ಡಿಗೆ ಸಿಕ್ಕಿಸಿದ ರಿಫ್ಲೆಕ್ಟರ್, ಹಿಂದಿನ ಹಲ್ಲುಗಳ ಹಿಂದೆ ಇರುವ ಪ್ಲಾಸ್ಟಿಕ್ ತಟ್ಟೆ, ಮಡ್‌ಗಾರ್ಡ್ ಕಂಬಿಗೆ ತಾಗುವ ಟಯರಿನ ರಬ್ಬರ್ ಕೂದಲು ಎಲ್ಲ ನೋಡಿ. ಹೆದ್ದಾರಿ 66ರ ಬದಿಯಲ್ಲಿ ಓಡಿಸುವವರ ಟಯರಿನಲ್ಲಿ ಜಲ್ಲಿ ಸಿಗುವುದು ಮಾಮೂಲು.

ಗಾಳಿ ತುಂಬುವ ವಾಲ್ವನ್ನೂ ಮುಟ್ಟಿ ನೋಡಿ. ರಿಮ್ಮಿನ ತೂತಿನಲ್ಲಿ ವಾಲ್ವ್ ಅಲ್ಲಾಡಿದರೆ ಸುತ್ತಿಗೊಂದು ಟಿಕ್ ಗ್ಯಾರಂಟಿ. ಅದರ ನಟ್ಟನ್ನು ಬೆರಳಲ್ಲಿ ಬಿಗಿ ಮಾಡಿದರೆ ಸಾಕು, ಸ್ಪಾನರ್ ಬೇಡ.

ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ ತಿರುಗಿಸಿದ್ರೆ ಶಬ್ದವೇ ಇಲ್ಲ. ಪೊಸಡಿಗುಂಪೆ ಏರು ಹತ್ತುವಾಗ ಮಾತ್ರ ಬರ್ತದೆ.

ಭಾರ ಬಿದ್ದಾಗ ಮಾತ್ರ ಬರುವ ಶಬ್ದ ಇದು. ಎರಡು ಲೋಹದ ಭಾಗಗಳು ಕೂದಲೆಳೆಯಷ್ಟು ಸರಿಯುತ್ತವೆ, ಆಗ ಟಕ್. ಸ್ಟ್ಯಾಂಡಿನ ಮೇಲೆ ಭಾರ ಇಲ್ಲ, ಶಬ್ದವೂ ಇಲ್ಲ. ಇದನ್ನು ನಿಂತಲ್ಲೇ ಬರಿಸಬಹುದು. ಸೈಕಲಿನ ಪಕ್ಕ ನಿಂತು ಎರಡೂ ಬ್ರೇಕ್ ಗಟ್ಟಿ ಹಿಡಿಯಿರಿ. ಪೆಡಲ್ ಮುಂದಕ್ಕೆ ಅಡ್ಡವಾಗಿರಲಿ. ಅದರ ಮೇಲೆ ಕಾಲಿಟ್ಟು ಒತ್ತಿ ಬಿಡಿ, ಒತ್ತಿ ಬಿಡಿ. ಇನ್ನೊಬ್ಬರು ಒಂದೊಂದೇ ಜೋಡಣೆಯ ಮೇಲೆ ಬೆರಳಿಡಲಿ. ಕಿವಿಗೆ ಸಿಗದ್ದು ಬೆರಳಿಗೆ ಸಿಗುತ್ತದೆ, ಟಕ್ ಎಂದ ಜಾಗದಲ್ಲಿ ಸಣ್ಣ ಏಟು ಬಿದ್ದಂತೆ ಗೊತ್ತಾಗುತ್ತದೆ.

ಏರಿನಲ್ಲಿ ಹ್ಯಾಂಡಲನ್ನೂ ಎಳೆಯುತ್ತೇವೆ ಎಂಬುದನ್ನು ಮರೆಯಬೇಡಿ. ಹ್ಯಾಂಡಲನ್ನು ಹಿಡಿದ ಬೋಲ್ಟುಗಳೂ ಇದೇ ಪಟ್ಟಿಯಲ್ಲಿವೆ.

ಕೂತು ತುಳಿದ್ರೆ ಬರ್ತದೆ, ಎದ್ದು ನಿಂತು ತುಳಿದ್ರೆ ಇಲ್ಲ.

ಸೀಟ್, ಸೀಟಿನ ಕೆಳಗಿನ ಕ್ಲ್ಯಾಂಪ್, ಅಥವಾ ಸೀಟಿನ ಕಂಬ. ಮೂರರಲ್ಲಿ ಒಂದು. ಬೇರೆ ಕಡೆ ಹುಡುಕಬೇಡಿ.

ಮಳೆಯಲ್ಲಿ ಒದ್ದೆಯಾದ್ರೆ ಶಬ್ದ ಹೋಗ್ತದೆ, ಒಣಗಿದ ಕೂಡಲೇ ವಾಪಸ್. ಇದೆಂತ ಮಾರಾಯ್ರೆ?

ಒಳ್ಳೆ ಸುಳಿವು. ಸಾಮಾನ್ಯವಾಗಿ ಅದು ಸಡಿಲಿನ ಶಬ್ದವಲ್ಲ, ಗ್ರೀಸ್ ಇಲ್ಲದ ಒಣ ಜೋಡಣೆಯದ್ದು. ನೀರು ಸ್ವಲ್ಪ ಹೊತ್ತು ಎಣ್ಣೆಯ ಕೆಲಸ ಮಾಡಿತು, ಅಷ್ಟೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಸುಮ್ಮನಿದ್ದದ್ದು ಬಿಸಿಲು ಬಿದ್ದ ಮೇಲೆ ತುಕ್ಕು ಹಿಡಿದು ಇನ್ನೂ ಜೋರಾಗುತ್ತದೆ. ಬಿಚ್ಚಿ, ಒರೆಸಿ, ಗ್ರೀಸ್ ಹಾಕಿ.

## ಕೈ ಹಾಕುವುದು

ಪೆಡಲ್ ಬಿಚ್ಚಲು ಹೋದ್ರೆ ಎಡಗಡೆಯದ್ದು ಜಪ್ಪಯ್ಯ ಅಂದ್ರೂ ಬರುವುದಿಲ್ಲ.

ಎಡ ಪೆಡಲಿನ ಮರೆ, ಅಂದರೆ ಸ್ಕ್ರೂವಿನಂಥ ಸುರುಳಿ, ಉಲ್ಟಾ. ಅದನ್ನು ಬಿಚ್ಚಲು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಬೇಕು. ಮಾಮೂಲಿ ಮರೆ ಹಾಕಿದ್ದರೆ ತುಳಿಯುತ್ತಾ ತುಳಿಯುತ್ತಾ ತಾನಾಗಿ ಕಳಚಿಕೊಳ್ಳುತ್ತಿತ್ತು, ಅದಕ್ಕೆ ಹೀಗೆ ಮಾಡಿದ್ದು. ನೆನಪಿಡುವ ಉಪಾಯ: ಸ್ಪಾನರನ್ನು ಮೇಲ್ಮುಖವಾಗಿ ನಿಲ್ಲಿಸಿ. ಮುಂದಿನ ಚಕ್ರದ ಕಡೆ ಎಳೆದರೆ ಬಿಗಿ, ಹಿಂದಿನ ಚಕ್ರದ ಕಡೆ ಎಳೆದರೆ ಸಡಿಲ. ಎರಡೂ ಬದಿಗೆ ಇದೇ ಲೆಕ್ಕ.

ಬಿಚ್ಚಿದ ಮೇಲೆ ಮರೆಯನ್ನು ಬಟ್ಟೆಯಿಂದ ಒರೆಸಿ ಗ್ರೀಸ್ ಹಚ್ಚಿ. ವಾಪಸ್ ಹಾಕುವಾಗ ಮೊದಲ ನಾಲ್ಕೈದು ಸುತ್ತು ಬೆರಳಲ್ಲೇ ತಿರುಗಬೇಕು. ತಿರುಗದಿದ್ದರೆ ಒತ್ತಾಯ ಮಾಡಬೇಡಿ, ಓರೆ ಕೂತಿದೆ ಅಥವಾ ಎಡದ್ದನ್ನು ಬಲಕ್ಕೆ ಹಾಕುತ್ತಿದ್ದೀರಿ. ಪೆಡಲಿನ ಮೇಲೆ ಎಲ್, ಆರ್ ಅಕ್ಷರ ಕೊರೆದಿರುತ್ತದೆ. ಗ್ರೀಸ್ ಹಾಕಿದ ಮೇಲೂ ಶಬ್ದ ಬಂದರೆ ಮನೆಯ ಇನ್ನೊಂದು ಸೈಕಲಿನ ಪೆಡಲ್ ಹಾಕಿ ಓಡಿಸಿ. ಶಬ್ದ ಹೋದರೆ ಪೆಡಲಿನ ಒಳಗಿನ ಬೇರಿಂಗಿನದ್ದೇ ತಕರಾರು.

ನನ್ನನ್ನು ಕೇಳಿದರೆ ಹೊಸ ಸೈಕಲಿನ ಟಕ್ ಟಕ್ ಹುಡುಕಾಟ ಯಾವಾಗಲೂ ಪೆಡಲಿನಿಂದ ಶುರುವಾಗಬೇಕು. ಹಾಕಿದ್ದು ಅಂಗಡಿಯಲ್ಲಿ, ಭಾರ ಬೀಳುವುದು ಅದರ ಮೇಲೆ, ಬಿಚ್ಚಲು ಬೇಕಾದದ್ದು ಒಂದೇ ಸ್ಪಾನರ್.

ಕ್ರ್ಯಾಂಕ್ ಬೋಲ್ಟ್ ಎಷ್ಟು ಟೈಟ್ ಮಾಡ್ಬೇಕು? ಅಂದಾಜು ಹೇಗೆ?

ಚೌಕ ಅಚ್ಚಿನ ಕ್ರ್ಯಾಂಕಿಗೆ ಸಾಮಾನ್ಯವಾಗಿ 35ರಿಂದ 40 ನ್ಯೂಟನ್ ಮೀಟರ್. ಅಳತೆಯ ಸ್ಪಾನರ್ ಇಲ್ಲದವರಿಗೆ: 20 ಸೆಂ.ಮೀ. ಉದ್ದದ ಹಿಡಿಯ ತುದಿಯಲ್ಲಿ 18ರಿಂದ 20 ಕಿಲೊ ಭಾರದಷ್ಟು ಒತ್ತು. ಚಿಕ್ಕ ಅಲೆನ್ ಕೀಯಲ್ಲಿ ಇಷ್ಟು ಬಲ ಸಿಗುವುದಿಲ್ಲ. ಅಂಗಡಿಯಲ್ಲೂ ಎಷ್ಟೋ ಸಲ ಚಿಕ್ಕ ಕೀಯಲ್ಲೇ ಮುಗಿಸಿರುತ್ತಾರೆ, ಅದಕ್ಕೇ ಸಡಿಲವಾಗುವುದು.

ಬೋಲ್ಟಿನ ಮರೆಗೆ ಗ್ರೀಸ್ ಹಚ್ಚಿ. ಚೌಕ ಅಚ್ಚಿಗೂ ಹಚ್ಚಬೇಕಾ ಎನ್ನುವುದರಲ್ಲಿ ಮೆಕ್ಯಾನಿಕ್‌ಗಳಲ್ಲೇ ಎರಡು ಪಕ್ಷ ಇದೆ. ನಮ್ಮ ಮಳೆಗೆ ತೆಳ್ಳಗೆ ಒಂದು ಲೇಪ ಇರಲಿ ಎನ್ನುವ ಪಕ್ಷ ನಂದು. ತುಕ್ಕು ಹಿಡಿದು ಕಚ್ಚಿಕೊಂಡ ಕ್ರ್ಯಾಂಕ್ ಬಿಚ್ಚುವುದು ಯಾರಿಗೂ ಬೇಡ.

ಹಳೆ ಮಾದರಿಯ ಕಪ್ಪು ಸೈಕಲುಗಳಲ್ಲಿ ಬೋಲ್ಟಿನ ಬದಲು ಕಾಟರ್ ಪಿನ್ ಇರುತ್ತದೆ. ಅದು ಸಡಿಲವಾದರೆ ಸುತ್ತಿಗೆರಡು ಸಲ ಕಾಲಿಗೇ ಗೊತ್ತಾಗುವಂತೆ ಟಕ್ ಅನ್ನುತ್ತದೆ. ನಟ್ಟು ಬಿಗಿ ಮಾಡಿದರೆ ಸಾಲದು. ಪಿನ್ನನ್ನು ಸುತ್ತಿಗೆಯಿಂದ ಒಳಕ್ಕೆ ಬಡಿದು ಆಮೇಲೆ ನಟ್ಟು ಬಿಗಿ ಮಾಡಬೇಕು.

ಸೀಟಿನ ಶಬ್ದ ಎಂದು ಗೊತ್ತಾಯ್ತು. ಈಗ ಎಂತ ಮಾಡುವುದು?

ಸೀಟಿನ ಕಂಬದ ಸುತ್ತ, ಕೊಳವೆಯ ಬಾಯಿಯಲ್ಲಿ ಟೇಪ್ ಸುತ್ತಿ ಎತ್ತರದ ಗುರುತು ಮಾಡಿಕೊಳ್ಳಿ. ಕ್ಲ್ಯಾಂಪ್ ಸಡಿಲಿಸಿ ಕಂಬ ಹೊರಗೆ ಎಳೆಯಿರಿ. ನಮ್ಮ ಮುರಕಲ್ಲಿನ ಕೆಂಪು ಹುಡಿ ಹಿಂದಿನ ಚಕ್ರದಿಂದ ಎಗರಿ ಸೀದಾ ಅಲ್ಲಿಗೇ ಬೀಳುತ್ತದೆ. ಕಂಬದ ಮೇಲೆ ಕುಂಕುಮದ ಬಣ್ಣದ ಗೆರೆಗಳು ಕಾಣಿಸಿದರೆ ಅದೇ. ಬೆರಳಲ್ಲಿ ಉಜ್ಜಿದರೆ ತರಿತರಿ ಅನ್ನುತ್ತದೆ. ಒಳಗೂ ಹೊರಗೂ ಒರೆಸಿ, ತೆಳ್ಳಗೆ ಗ್ರೀಸ್ ಹಚ್ಚಿ, ವಾಪಸ್ ಹಾಕಿ. ಕಂಬ ಕನಿಷ್ಠ ಎಷ್ಟು ಒಳಗಿರಬೇಕು ಎಂದು ಕೊರೆದ ಗೆರೆ ಹೊರಗೆ ಕಾಣಬಾರದು. ಕಂಬ ಕಾರ್ಬನ್‌ನದ್ದಾದರೆ ಗ್ರೀಸ್ ಬೇಡ, ಅದಕ್ಕೆ ಬೇರೆಯೇ ಪೇಸ್ಟ್ ಸಿಗುತ್ತದೆ.

ಆಮೇಲೆ ಸೀಟಿನ ಕೆಳಗಿನ ಎರಡು ಸರಳುಗಳು. ಕ್ಲ್ಯಾಂಪ್ ಹಿಡಿಯುವ ಜಾಗವನ್ನು ಒರೆಸಿ, ಚೂರು ಗ್ರೀಸ್ ಹಚ್ಚಿ ಬಿಗಿ ಮಾಡಿ. ಸರಳು ಸೀಟಿನ ಪ್ಲಾಸ್ಟಿಕ್ಕಿಗೆ ಸೇರುವ ಜಾಗದಿಂದಲೇ ಶಬ್ದ ಬಂದರೆ ಅಲ್ಲಿ ಒಂದು ಹನಿ ಎಣ್ಣೆ ಬಿಡಿ. ಆಗಲೂ ಹೋಗದಿದ್ದರೆ ಸೀಟ್ ಬದಲಿಸಿ ಕೊಡಲು ಕೇಳಿ.

ಮೊದಲ ದಿನ ಓಡಿಸುವಾಗ ಚಕ್ರದಿಂದ ಟಿಣ್ ಟಿಣ್ ಅಂತು. ಕಡ್ಡಿ ತುಂಡಾಯ್ತಾ?

ಹೊಸ ಚಕ್ರ ಕಟ್ಟುವಾಗ ಕಡ್ಡಿಗಳು ನಟ್ಟಿನ ಜೊತೆ ಸ್ವಲ್ಪ ತಿರುಚಿಕೊಳ್ಳುತ್ತವೆ. ಮೊದಲ ಸಲ ಭಾರ ಬಿದ್ದಾಗ ಆ ತಿರುಚು ಬಿಡುತ್ತದೆ, ಆಗ ಟಿಣ್. ಒಂದೆರಡು ಓಡಾಟದಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಪಕ್ಕಪಕ್ಕದ ಕಡ್ಡಿಗಳನ್ನು ಜೋಡಿಯಾಗಿ ಕೈಯಲ್ಲಿ ಹಿಸುಕಿ ನೋಡಿ. ಒಂದು ಜೋಡಿ ಉಳಿದವಕ್ಕಿಂತ ಮೆತ್ತಗಿದ್ದರೆ ಚಕ್ರ ಸರಿ ಮಾಡಿಸಬೇಕು. ಎಲ್ಲ ಒಂದೇ ಬಿಗಿ ಇದ್ದು ಟಿಕ್ ಬಂದರೆ, ಕಡ್ಡಿಗಳು ಒಂದರ ಮೇಲೊಂದು ಹಾಯುವ ಜಾಗಕ್ಕೆ ಒಂದೊಂದು ಹನಿ ಎಣ್ಣೆ ಬಿಟ್ಟು ಒರೆಸಿ. ಡಿಸ್ಕ್ ಬ್ರೇಕ್ ಇದ್ದರೆ ಅದರ ತಟ್ಟೆಗೆ ಎಣ್ಣೆ ತಾಗದಂತೆ ನೋಡಿಕೊಳ್ಳಿ.

ಒಂದೇ ಒಂದು ಗೇರಿನಲ್ಲಿ ಕಟಕಟ. ಉಳಿದವುಗಳಲ್ಲಿ ಶಾಂತ.

ಚೈನ್ ಪಕ್ಕದ ಹಲ್ಲಿಗೆ ಹತ್ತಲು ನೋಡುತ್ತಿದೆ. ಹೊಸ ಸೈಕಲಿನಲ್ಲಿ ಕೇಬಲಿನ ಹೊರ ಕವಚ ತನ್ನ ಜಾಗದಲ್ಲಿ ಕೂರಲು ಕೆಲವು ದಿನ ಬೇಕು. ಕೂತ ಮೇಲೆ ಕೇಬಲ್ ಸ್ವಲ್ಪ ಸಡಿಲವಾಗುತ್ತದೆ. ಹಿಂದಿನ ಗೇರ್ ಯಂತ್ರಕ್ಕೆ ಕೇಬಲ್ ಹೊಗುವಲ್ಲಿ ತಿರುಗಿಸುವ ಒಂದು ಗುಬುಟು ಇರುತ್ತದೆ. ಅದನ್ನು ಕಾಲು ಸುತ್ತು ತಿರುಗಿಸಿ ಓಡಿಸಿ. ಕಮ್ಮಿಯಾದರೆ ಅದೇ ದಿಕ್ಕಿಗೆ ಇನ್ನೊಂದು ಕಾಲು, ಜಾಸ್ತಿಯಾದರೆ ವಾಪಸ್. ಪಕ್ಕದ ಸಣ್ಣ ಸ್ಕ್ರೂಗಳನ್ನು ಮುಟ್ಟಬೇಡಿ, ಅವು ಚೈನ್ ಎಲ್ಲಿವರೆಗೆ ಹೋಗಬಹುದು ಎನ್ನುವ ಮಿತಿಗೆ ಇರುವಂಥವು.

ಇದಕ್ಕೂ ಬಗ್ಗದಿದ್ದರೆ ಸೈಕಲಿನ ಹಿಂದೆ ಕೂತು ನೋಡಿ. ಗೇರ್ ಯಂತ್ರದ ಎರಡು ಪುಟ್ಟ ಚಕ್ರಗಳು ಒಂದರ ಕೆಳಗೊಂದು ನೇರವಾಗಿರಬೇಕು. ಕೆಳಗಿನದು ಕಡ್ಡಿಗಳ ಕಡೆ ವಾಲಿದ್ದರೆ, ಅದು ನೇತಾಡುವ ಕೊಂಡಿ ಸಾಗಾಟದಲ್ಲಿ ಬಾಗಿದೆ. ಹಾಗೇ ಓಡಿಸಿ ಅತಿ ಹಗುರ ಗೇರಿಗೆ ಹಾಕಿದರೆ ಯಂತ್ರ ಕಡ್ಡಿಗೆ ಸಿಕ್ಕೀತು. ಅಂಗಡಿಯವರೇ ನೇರ ಮಾಡಿಕೊಡಬೇಕು.

ಡಿಸ್ಕ್ ಬ್ರೇಕ್ ಹಿಡಿದ ಕೂಡಲೇ ಒಂದು ಟಕ್. ಆಮೇಲೆ ಇಲ್ಲ.

ಬ್ರೇಕಿನ ಪ್ಯಾಡ್ ಅದರ ಗೂಡಿನಲ್ಲಿ ಸ್ವಲ್ಪ ಸರಿದು ಕೂರುವ ಶಬ್ದ. ಸೈಕಲನ್ನು ಹಿಂದಕ್ಕೆ ದೂಡಿ ಬ್ರೇಕ್ ಹಿಡಿದರೆ ಮತ್ತೊಮ್ಮೆ ಬರುತ್ತದೆ. ತೊಂದರೆ ಇಲ್ಲ. ಆದರೆ ಡಿಸ್ಕಿನ ಬೋಲ್ಟುಗಳು ಬಿಗಿ ಇವೆಯಾ ನೋಡಿ, ಹೆಚ್ಚಾಗಿ ಆರು ಇರುತ್ತವೆ. ಮುಂದಿನ ಬ್ರೇಕಿನಲ್ಲಾದರೆ ಇನ್ನೊಂದು ಪರೀಕ್ಷೆ: ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ತೂಗಿ, ಹ್ಯಾಂಡಲಿನ ಬುಡಕ್ಕೆ ಬೆರಳಿಡಿ. ಅಲ್ಲಿ ಅಲುಗಿದರೆ ಹ್ಯಾಂಡಲಿನ ಬೇರಿಂಗ್ ಸಡಿಲ, ಬಿಗಿ ಮಾಡಿಸದೆ ಓಡಿಸಬೇಡಿ.

ಚೈನಿಗೆ ತೆಂಗಿನೆಣ್ಣೆ ಹಾಕಿದ್ರೆ ಆಗುವುದಿಲ್ವಾ? ಮನೆಯಲ್ಲೇ ಉಂಟಲ್ಲ.

ಬೇಡ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಬೆಳಿಗ್ಗೆ ಬಾಟ್ಲಿಯಲ್ಲಿ ನೋಡಿದ್ದೀರಲ್ಲ? ಚೈನಿನಲ್ಲೂ ಅದೇ. ದಿನ ಕಳೆದಂತೆ ಅಂಟಾಗಿ ಹುಡಿಯನ್ನು ಹಿಡಿದುಕೊಳ್ಳುತ್ತದೆ. ಅದು ದೋಸೆಗೇ ಇರಲಿ. ಡಬ್ಲ್ಯುಡಿ-40 ಚಿಮುಕಿಸಿದರೂ ಸಾಲದು, ಆ ಮಾಮೂಲಿ ಡಬ್ಬಿ ತೇವ ಓಡಿಸಲು, ತುಕ್ಕು ಬಿಡಿಸಲು ಒಳ್ಳೆಯದು, ಚೈನಿನಲ್ಲಿ ಬಾಳುವ ಎಣ್ಣೆ ಅಲ್ಲ. ಚೈನಿಗೆಂದೇ ಮಾರುವ ಎಣ್ಣೆ ತನ್ನಿ. ಸಿಗದಿದ್ದರೆ ಹೊಲಿಗೆ ಮೆಷಿನಿನ ಎಣ್ಣೆಯಾದರೂ ನಡೆಯುತ್ತದೆ, ಆದರೆ ಆಗಾಗ ಹಾಕುತ್ತಿರಬೇಕು. ಕೊಂಡಿಗೊಂದು ಹನಿ ಬಿಟ್ಟು, ಸ್ವಲ್ಪ ಹೊತ್ತು ಕಳೆದು ಹೊರಗಿನದ್ದನ್ನೆಲ್ಲ ಒರೆಸಿಬಿಡಿ. ಎಣ್ಣೆ ಬೇಕಾದದ್ದು ಕೊಂಡಿಯ ಒಳಗೆ.

## ಹಠ ಹಿಡಿದ ಶಬ್ದಗಳು

ಅಂಗಡಿಯವರು ‘ಹೊಸದಲ್ವಾ, ಓಡ್ತಾ ಓಡ್ತಾ ಸರಿಯಾಗ್ತದೆ’ ಅಂತಾರೆ. ನಿಜವಾ?

ಅರ್ಧ ನಿಜ. ಕಡ್ಡಿಯ ಟಿಣ್, ಡಿಸ್ಕ್ ಪ್ಯಾಡಿನ ಉಜ್ಜು ಓಡುತ್ತಾ ಸರಿಯಾಗಬಹುದು. ಪೆಡಲ್, ಕ್ರ್ಯಾಂಕ್, ಹ್ಯಾಂಡಲ್, ಬಿಬಿಯಿಂದ ಶಬ್ದ ಬಂದರೆ ಓಡಿದಷ್ಟೂ ಆ ಭಾಗಗಳು ಹಾಳಾಗುತ್ತವೆ. ಅಂಗಡಿಗೆ ಹೋಗುವಾಗ ಬಿಲ್ಲು ಒಯ್ಯಿರಿ, ಫೋನಿನಲ್ಲಿ ಶಬ್ದ ರೆಕಾರ್ಡ್ ಮಾಡಿಕೊಳ್ಳಿ. ‘ಶಬ್ದ ಬರ್ತದೆ’ ಎಂದಷ್ಟೇ ಹೇಳಬೇಡಿ. ‘ಕೂತು ತುಳಿಯುವಾಗ, ಬಲಗಾಲು ಕೆಳಗೆ ಹೋದಾಗ’ ಎಂದು ಹೇಳಿ. ಅಂಗಡಿಯವರನ್ನೇ ಒಂದು ಏರು ಹತ್ತಿಸಿ ಬನ್ನಿ ಎಂದು ಕಳಿಸುವುದು ಇನ್ನೂ ಒಳ್ಳೆಯದು.

ಸೈಕಲ್ ತಂದದ್ದು ಮಂಗಳೂರಿನಿಂದ. ಅವರು ಸರಿ ಮಾಡಿಕೊಡುವುದಿಲ್ಲ ಅಂದ್ರೆ ಕೇಸಿಗೆ ಕರ್ನಾಟಕಕ್ಕೆ ಹೋಗ್ಬೇಕಾ?

ಬೇಕಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಅಥವಾ ಕೆಲಸ ಮಾಡುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ತಲಪಾಡಿ ಗಡಿ ದಾಟಿ ತಂದದ್ದಕ್ಕೂ, ಆನ್‌ಲೈನಿನಲ್ಲಿ ತರಿಸಿದ್ದಕ್ಕೂ ಇದೇ ನಿಯಮ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ. ಬಿಲ್ಲು ಮತ್ತು ಚೌಕಟ್ಟಿನ ನಂಬರ್ ಕೈಯಲ್ಲಿರಲಿ. ನಂಬರನ್ನು ಹೆಚ್ಚಾಗಿ ಬಿಬಿಯ ಅಡಿಭಾಗದಲ್ಲಿ ಕೊರೆದಿರುತ್ತಾರೆ. ಒಂದು ಟಿಕ್ ಟಿಕ್ಕಿಗೆ ಇಷ್ಟೆಲ್ಲಾ ಬೇಕಾ ಎಂದರೆ, ಪೆಡಲಿಗೆ ಬೇಡ. ಚೌಕಟ್ಟಿನಲ್ಲಿ ಬಿರುಕು ಇದ್ದರೆ ಖಂಡಿತ ಬೇಕು.

ಚೌಕಟ್ಟಿನಲ್ಲಿ ಬಿರುಕು ಅಂತ ಹೇಗೆ ಗೊತ್ತಾಗ್ತದೆ?

ಸೈಕಲ್ ತೊಳೆದು ಒಣಗಿಸಿ, ಬಿಸಿಲಿನಲ್ಲಿ ನಿಲ್ಲಿಸಿ ಬೆಸುಗೆಯ ಜಾಗಗಳನ್ನೆಲ್ಲ ನೋಡಿ. ಬಿಬಿಯ ಸುತ್ತ, ಹ್ಯಾಂಡಲಿನ ಕೆಳಗಿನ ಕೊಳವೆ ಸೇರುವಲ್ಲಿ, ಸೀಟಿನ ಕಂಬದ ಬಾಯಿಯಲ್ಲಿ, ಹಿಂದಿನ ಅಚ್ಚು ಕೂರುವಲ್ಲಿ. ಪೇಂಟಿನ ಗೀರು ಉಗುರಿಗೆ ಸಿಗುವುದಿಲ್ಲ ಅಥವಾ ಆಳ ಇರುವುದಿಲ್ಲ. ಬಿರುಕು ಬೆಸುಗೆಯ ಅಂಚು ಹಿಡಿದು ಹೋಗುತ್ತದೆ, ಉಕ್ಕಾದರೆ ಅದರಿಂದ ತುಕ್ಕಿನ ನೀರು ಒಸರುತ್ತದೆ. ಸಂಶಯ ಬಂದರೆ ಗೆರೆಯ ಎರಡೂ ತುದಿಗೆ ಪೆನ್ನಿನಲ್ಲಿ ಗುರುತು ಹಾಕಿ ಫೋಟೊ ತೆಗೆಯಿರಿ. ಓಡಿಸಿ ಪರೀಕ್ಷೆ ಮಾಡಬೇಡಿ, ಅಂಗಡಿಗೆ ಒಯ್ಯಿರಿ.

ಬಿಬಿ ಬಿಚ್ಚಿ ಗ್ರೀಸ್ ಹಾಕಲು ನಾನೇ ಹೊರಟ್ರೆ ಆಗ್ತದಾ?

ಅದಕ್ಕೆ ಎರಡು ವಿಶೇಷ ಸಾಮಾನು ಬೇಕು, ಕ್ರ್ಯಾಂಕ್ ಎಳೆಯುವ ಪುಲ್ಲರ್ ಮತ್ತು ಬಿಬಿಗೆ ಕೂರುವ ಹಲ್ಲಿನ ಸಾಕೆಟ್. ಇವಿದ್ದರೆ ಆಗುತ್ತದೆ. ಮೊದಲು ಚೈನನ್ನು ಹಲ್ಲಿನಿಂದ ಇಳಿಸಿ, ಕ್ರ್ಯಾಂಕನ್ನೇ ಹಿಡಿದು ಚೌಕಟ್ಟಿನ ಕಡೆ ಒತ್ತಿ ಎಳೆಯಿರಿ. ಎರಡೂ ಬದಿಯ ಕ್ರ್ಯಾಂಕ್ ಒಟ್ಟಿಗೇ ಅಲುಗಿದರೆ ಬಿಬಿ, ಒಂದೇ ಬದಿ ಅಲುಗಿದರೆ ಆ ಕ್ರ್ಯಾಂಕಿನ ಬೋಲ್ಟ್. ಬಿಎಸ್ಎ ಎಂಬ ಮಾಮೂಲಿ ಅಳತೆಯ ಮರೆ ಇರುವ ಬಿಬಿಯಲ್ಲಿ ಚೈನ್ ಇರುವ ಬಲಬದಿಯ ಮರೆ ಉಲ್ಟಾ, ಎಡಬದಿಯದ್ದು ಮಾಮೂಲು. ಪೆಡಲಿನಲ್ಲಿ ಎಡ ಉಲ್ಟಾ, ಇಲ್ಲಿ ಬಲ ಉಲ್ಟಾ. ಗಡಿಬಿಡಿಯಲ್ಲಿ ಉದ್ದದ ಪೈಪ್ ಹಾಕಿ ತಪ್ಪು ದಿಕ್ಕಿಗೆ ಎಳೆದರೆ ಚೌಕಟ್ಟಿನ ಮರೆಯೇ ಕಿತ್ತುಬರುತ್ತದೆ. ವಾರಂಟಿ ಇರುವಾಗ ಈ ಕೆಲಸ ಅಂಗಡಿಯವರಿಗೇ ಬಿಡಿ ಎನ್ನುತ್ತೇನೆ. ‘ಮರೆಗೆ ಗ್ರೀಸ್ ಹಾಕಿ ವಾಪಸ್ ಕೂರಿಸಿ’ ಎಂದು ಹೇಳಿ, ಎದುರು ನಿಂತು ಮಾಡಿಸಿ. ಹೊಸ ಬಿಬಿ ಕೆಟ್ಟಿರುವುದಕ್ಕಿಂತ ಒಣ ಮರೆಯಲ್ಲಿ ಕೂತಿರುವುದೇ ಜಾಸ್ತಿ.

ಎಲ್ಲ ಬಿಚ್ಚಿ ಗ್ರೀಸ್ ಹಾಕಿದ್ದಾಯ್ತು. ಶಬ್ದ ಮಾತ್ರ ಹಾಗೇ ಉಂಟು. ಇನ್ನು ಎಲ್ಲಿ ನೋಡುವುದು?

ಜನ ನೋಡದ ಜಾಗಗಳಲ್ಲಿ. ಹಿಂದಿನ ಚಕ್ರದ ಅಚ್ಚು ಚೌಕಟ್ಟಿಗೆ ಕೂರುವ ಮುಖಗಳು: ಚಕ್ರ ಬಿಚ್ಚಿ, ಪೇಂಟಿನ ಸಿಪ್ಪೆ ಮತ್ತು ಹುಡಿ ಒರೆಸಿ, ಚೂರು ಗ್ರೀಸ್ ಸವರಿ ಬಿಗಿ ಮಾಡಿ. ಪೆಡಲಿನಿಂದ ಎಂದು ಖಾತ್ರಿಯಾಗಿದ್ದ ಎಷ್ಟೋ ಶಬ್ದಗಳು ಇಲ್ಲಿ ಮುಗಿಯುತ್ತವೆ. ಗೇರ್ ಯಂತ್ರ ನೇತಾಡುವ ಕೊಂಡಿಯನ್ನು ಚೌಕಟ್ಟಿಗೆ ಹಿಡಿದ ಸಣ್ಣ ಬೋಲ್ಟ್. ಮುಂದಿನ ಹಲ್ಲು ಚಕ್ರದ ಬೋಲ್ಟುಗಳು, ಒಂದೊಂದನ್ನೇ ಬಿಚ್ಚಿ ಗ್ರೀಸ್ ಹಾಕಿ. ಹಿಂದಿನ ಚಕ್ರದ ನಡುವಿನ ಹಬ್ಬಿಗೆ (hub) ಫ್ರೀವೀಲ್ ತಿರುಪಿ ಕೂತ ಮರೆ. ಚೌಕಟ್ಟಿನ ಒಳಗೆ ಹೋಗುವ ಕೇಬಲ್, ಅದು ಗುಂಡಿಯಲ್ಲಿ ಹಾರಿದಾಗ ಮಾತ್ರ ಬಡಿಯುತ್ತದೆ. ಬಾಟ್ಲಿ ಹಿಡಿಕೆಯ ಸ್ಕ್ರೂ, ಕ್ಯಾರಿಯರ್, ಬೆಲ್ಲಿನ ನಾಲಗೆ, ಪಕ್ಕದ ಸ್ಟ್ಯಾಂಡಿನ ಸ್ಪ್ರಿಂಗ್.

ಒಂದು ಸಲಕ್ಕೆ ಒಂದೇ ಜಾಗ ಮುಟ್ಟಿ, ಓಡಿಸಿ ನೋಡಿ, ಆಮೇಲೆ ಮುಂದಿನದು. ಕ್ಯಾರಿಯರ್, ಸ್ಟ್ಯಾಂಡ್, ಮಡ್‌ಗಾರ್ಡ್ ಮೂರನ್ನೂ ಮಾತ್ರ ಒಟ್ಟಿಗೇ ಕಳಚಿಟ್ಟು ಒಂದು ಏರು ಹತ್ತಿ ಬರಬಹುದು. ಶಬ್ದ ಹೋದರೆ ಒಂದೊಂದನ್ನೇ ವಾಪಸ್ ಹಾಕಿ.